ಬೆನ್ನು ನೋಡುವ ಹುಡುಗಿ

ವೆರೇನಾ ಹೇಫೆಲೆ ನಮ್ಮ ಮ್ಯೂಸಿಯಮ್ಮಿಗೆ ಬಂದ ಮೊದಲ ದಿನವೇ ನನ್ನ ಚಹಾ ಬಟ್ಟಲನ್ನು ತಲೆಕೆಳಗು ಮಾಡಿ ನೋಡಿದಳು. ಪುಣ್ಯಕ್ಕೆ ಖಾಲಿಯಿತ್ತು. ಅಡಿಯಲ್ಲಿದ್ದ ನೀಲಿ ಮುದ್ರೆ ಓದಿ, ಬಟ್ಟಲು ಯಾವ ಕಾರ್ಖಾನೆಯದು, ಹೆಚ್ಚುಕಡಿಮೆ ಯಾವ ವರ್ಷದ್ದು ಅಂತ ನನಗೇ ಪಾಠ ಹೇಳಿದಳು. ಅದು ನನ್ನ ಅತ್ತೆಯ ಬಟ್ಟಲು. ಅತ್ತೆ ಬದುಕಿದ್ದಷ್ಟು ಕಾಲ ಅದರ ವಯಸ್ಸಿಗೆ ನೂರು ವರ್ಷ ಸೇರಿಸಿಯೇ ಹೇಳುತ್ತಿದ್ದರು. ಆಮೇಲೆ ಅವಳು ಚಹಾಕ್ಕೆ ಕೆನೆ ಹಾಕಿಕೊಂಡು ಚಮಚದಿಂದ ಗರಗರ ತಿರುಗಿಸಿದಳು ನೋಡಿ, ಮೇಜಿನ ಸುತ್ತ ಕೂತಿದ್ದ ನಾಲ್ವರೂ ಮಾತು ನಿಲ್ಲಿಸಿದೆವು.

ನಮ್ಮ ಫ್ರೀಸ್‌ಲ್ಯಾಂಡಿನ ಕಡಲ ಏರಿಯ ಮಗ್ಗುಲಲ್ಲಿ ಚಹಾ ಕಲಕುವವರಿಲ್ಲ. ತಳದಲ್ಲಿ ಕಲ್ಲುಸಕ್ಕರೆ, ಮೇಲೆ ಕೆನೆ. ಮೊದಲು ಕೆನೆ, ಆಮೇಲೆ ಕಹಿ, ಕಟ್ಟಕಡೆಗೆ ಸಿಹಿ ಬಾಯಿಗೆ ಬರಬೇಕು. ಏನಿಲ್ಲವೆಂದರೂ ಮೂರು ಬಟ್ಟಲು ಕುಡಿಯಬೇಕು. ಸಾಕು ಅನ್ನುವುದಾದರೆ ಚಮಚವನ್ನು ಬಟ್ಟಲೊಳಗೆ ನಿಲ್ಲಿಸಬೇಕು, ಅಲ್ಲಿಯವರೆಗೆ ಸುರಿಯುತ್ತಲೇ ಇರುತ್ತಾರೆ. ಅವಳು ಚಮಚವನ್ನು ಮರ್ಯಾದೆಯಿಂದ ತಟ್ಟೆಯಲ್ಲಿಟ್ಟಳು. ನಾವೂ ಮರ್ಯಾದೆಯಿಂದ ಸುರಿದೆವು. ಪಾಪ, ಆ ದಿನ ಏಳು ಬಟ್ಟಲು ಕುಡಿದಳು. ಎಂಟನೆಯದಕ್ಕೆ ಕೈ ಅಡ್ಡ ಹಿಡಿದಾಗಲೇ ನಾನು ಗುಟ್ಟು ಹೇಳಿದ್ದು. ಮೊದಲೇ ಹೇಳಬಹುದಿತ್ತು, ಆದರೆ ಅತ್ತೆಯ ಬಟ್ಟಲಿನ ವಿಷಯ ನನಗಿನ್ನೂ ಮರೆತಿರಲಿಲ್ಲ.

ಸ್ವಾಬಿಯಾ ಕಡೆಯವಳು ಅವಳು, ದೇಶದ ಇನ್ನೊಂದು ತುದಿ. ಅಪ್ಪನಿಗೆ ಬೇಕರಿ. ಇಪ್ಪತ್ತೈದು ವರ್ಷ, ಕಿವಿಯ ಮೇಲೆ ಯಾವಾಗಲೂ ಒಂದು ಪೆನ್ಸಿಲ್, ಕುತ್ತಿಗೆಯಲ್ಲಿ ಒಂದು ಪುಟ್ಟ ಟಾರ್ಚು. ಕಲೆಯ ಇತಿಹಾಸ ಓದಿ ಮುಗಿಸಿ, ಆರು ತಿಂಗಳ ತರಬೇತಿಗೆಂದು ನಮ್ಮಲ್ಲಿಗೆ ಬಂದಿದ್ದಳು. ಕೆಲಸ ಏನೆಂದರೆ, ಒಂದೊಂದು ಚಿತ್ರವೂ ಬರೆದವನ ಕೈಯಿಂದ ಹೊರಟು ನಮ್ಮ ಗೋಡೆಯ ಮೊಳೆ ಸೇರುವವರೆಗೆ ಯಾರ್ಯಾರ ಮನೆ ದಾಟಿ ಬಂತು, ಕೊಟ್ಟವರು ಮನಸಾರೆ ಕೊಟ್ಟರೋ ಅವರಿಂದ ಕಿತ್ತುಕೊಂಡದ್ದೋ ಅಂತ ಪತ್ತೆ ಹಚ್ಚುವುದು. ನಾಜಿಗಳು ಯೆಹೂದಿಗಳ ಮನೆಮಾರು ದೋಚಿದ, ಮೂವತ್ತಮೂರರಿಂದ ನಲವತ್ತೈದರವರೆಗಿನ ವರ್ಷಗಳ ಬಗ್ಗೆ ಕೇಳಿದರೆ ಇಲ್ಲಿ ಯಾವ ಮ್ಯೂಸಿಯಮ್ಮಿಗೂ ಎದೆ ಸ್ವಲ್ಪ ಡವಡವ ಅನ್ನುತ್ತದೆ. ಅದಕ್ಕೇ ಇಂಥ ಹುಡುಗಿಯರನ್ನು ಕರೆಸಿಕೊಳ್ಳುತ್ತೇವೆ, ಬಂದಮೇಲೆ ಅವರನ್ನು ಕಂಡರೆ ಹೆದರುತ್ತೇವೆ.

ಬಂದವಳು ಉಗ್ರಾಣಕ್ಕೆ ಇಳಿದು ಚಿತ್ರಗಳನ್ನೆಲ್ಲ ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿಬಿಟ್ಟಳು. ತಪ್ಪು ಮಾಡಿದ ಮಕ್ಕಳನ್ನು ಮೇಷ್ಟರು ಮೂಲೆಯಲ್ಲಿ ನಿಲ್ಲಿಸಿದ ಹಾಗೆ. ಅವಳಿಗೆ ಬೇಕಾದದ್ದು ಬೆನ್ನು. ಬೆನ್ನಿನ ಮೇಲೆ ಅಂಗಡಿಯವರ ಚೀಟಿ, ಹರಾಜಿನವರ ಸಂಖ್ಯೆ, ಸುಂಕದವರ ಮುದ್ರೆ, ಯಾರೋ ಸೀಮೆಸುಣ್ಣದಲ್ಲಿ ಗೀಚಿದ ಅಕ್ಷರ ಇರುತ್ತದಂತೆ. ಮುಖ ಸುಳ್ಳು ಹೇಳಬಹುದು, ಬೆನ್ನು ಹೇಳುವುದಿಲ್ಲ ಅನ್ನುವುದು ಅವಳ ವಾದ. ಭಾನುವಾರ ಫೋನ್ ಮಾಡುವ ಅವಳ ಅಪ್ಪ, ಆರು ವರ್ಷ ಓದಿಸಿದ್ದು ಗೋಡೆ ಕಡೆ ನೋಡೋಕಾ ಅಂತ ಕೇಳುತ್ತಿದ್ದರಂತೆ. ಮೀನಂಗಡಿಯ ಮೇಲಿನ ಅವಳ ಬಾಡಿಗೆ ಕೋಣೆಯಲ್ಲೂ ಕನ್ನಡಿಯನ್ನು ತಿರುಗಿಸಿ ನೋಡಿದ್ದಾಳೆ ಅಂತ ಮೀನಂಗಡಿಯವಳೇ ನನಗೆ ಹೇಳಿದಳು.

ನನ್ನ ವಿಷಯವನ್ನೂ ಹೇಳಿಬಿಡುತ್ತೇನೆ. ನಾನು ಹಿಲ್ಕೆ ರೆಮ್ಮರ್ಸ್. ಮೂವತ್ತಾರು ವರ್ಷದಿಂದ ಈ ಮ್ಯೂಸಿಯಮ್ಮಿನ ದಾಖಲೆ, ಬೀಗದಕೈ, ಪಟ್ಟಿ ಎಲ್ಲ ನನ್ನ ಕೈಯಲ್ಲಿ. ನನ್ನ ಕೈಕೆಳಗೆ ಒಂದು ಗುಂಡುಸೂಜಿಯೂ ಕಳೆದಿಲ್ಲ ಅಂತ ನಾನೇ ಹೇಳಿಕೊಳ್ಳುತ್ತಿದ್ದೆ, ದಿನಕ್ಕೊಂದು ಸಲವಾದರೂ. ಹುಡುಗಿ ಒಂದು ದಿನ ನಿಟ್ಟುಸಿರು ಬಿಟ್ಟು, ನಿಮ್ಮಲ್ಲಿ ಚಿತ್ರಗಳ ಬೆನ್ನು ಇಷ್ಟು ಚೊಕ್ಕಟವಾಗಿರೋದು ಎಲ್ಲೂ ನೋಡಿಲ್ಲ ಅಂದಳು. ನಾನು ಅದನ್ನು ಹೊಗಳಿಕೆ ಅಂದುಕೊಂಡು ಅವಳಿಗೆ ಒಂದು ತುಂಡು ಕೇಕು ಹೆಚ್ಚಿಗೆ ಕೊಟ್ಟೆ.

ಇಷ್ಟರಲ್ಲಿ ಮೇ ತಿಂಗಳಲ್ಲಿ ಮಾಂಟೆವಿಡಿಯೋದಿಂದ ಒಂದು ಕಾಗದ ಬಂತು. ಬರೆದವರು ಕಾರ್ಲಾ ಪೆಲ್ಸ್, ವಯಸ್ಸು ಎಂಬತ್ತೊಂಬತ್ತು. ಅವರ ಅಣ್ಣನ ಮೊಮ್ಮಗಳು ನಮ್ಮ ಕಡೆ ತಿರುಗಾಡಲು ಬಂದಿದ್ದಾಗ ಮ್ಯೂಸಿಯಮ್ಮಿನ ಅಂಗಡಿಯಿಂದ ಒಂದು ಕಾಫಿ ಮಗ್ಗು ಒಯ್ದಿದ್ದಳು. ಮಗ್ಗಿನ ಮೇಲೆ ನಮ್ಮ ಊರಿಗೆಲ್ಲ ಅಚ್ಚುಮೆಚ್ಚಿನ ಚಿತ್ರ: ಕಡಲ ಏರಿಯ ಮೇಲೆ ಸಾಲಾಗಿ ನಡೆಯುವ ಏಳು ಹೆಬ್ಬಾತುಗಳು, ಕೊನೆಯದು ಮಾತ್ರ ಹಿಂದಕ್ಕೆ ತಿರುಗಿ ನೋಡುತ್ತಿದೆ. ಮಗ್ಗು ನೋಡಿದ ಮುದುಕಿ, ಇದು ನಮ್ಮ ಯೆಟ್ಟೆ ಅಜ್ಜಿಯ ಮನೆಯ ಚಿತ್ರ ಅಂದರಂತೆ. ಈ ಊರಿನಲ್ಲೇ ಅವರ ಮನೆ ಇತ್ತು. ಮೂವತ್ತೆಂಟರಲ್ಲಿ ಒಂಬತ್ತು ವರ್ಷದ ಕಾರ್ಲಾ ಅಪ್ಪ ಅಮ್ಮ ಅಣ್ಣನ ಜೊತೆ ಹಡಗು ಹತ್ತಿದಳು. ಅಜ್ಜಿ, ಮನೆ ಸಾಮಾನು ಪ್ಯಾಕು ಮಾಡಿ ಮುಂದಿನ ಹಡಗಿಗೆ ಬರುತ್ತೇನೆ ಅಂದಿದ್ದರಂತೆ. ಸಾಮಾನು ಬಂದರು ತಲುಪಿತು, ಅಲ್ಲಿ ಅದನ್ನು ವಶಪಡಿಸಿಕೊಂಡು ಹರಾಜು ಹಾಕಿದರು. ಅಜ್ಜಿ ಯಾವ ಹಡಗನ್ನೂ ಹತ್ತಲಿಲ್ಲ.

ನಮ್ಮ ನಿರ್ದೇಶಕರು ಡಾಕ್ಟರ್ ಫೋಲ್ಕರ್ಟ್ಸ್ ಕೆಟ್ಟವರಲ್ಲ. ಆದರೆ ನೆಲಮಾಳಿಗೆಯಲ್ಲಿ ಅದೇ ಹೆಬ್ಬಾತುಗಳ ನಾನೂರು ಹೊಸ ಮಗ್ಗು ಬಂದು ಕೂತಿದ್ದವು, ಅದೂ ಅವರ ಮನಸ್ಸಿನಲ್ಲಿತ್ತು. ಈ ಚಿತ್ರಕಾರ ಹೆಬ್ಬಾತುಗಳನ್ನು ಇಪ್ಪತ್ತು ಸಲ ಬರೆದಿದ್ದಾನೆ, ಅಜ್ಜಿ ಮನೆಯದು ಇದೇ ಅಂತ ಹೇಗೆ ಹೇಳೋದು, ಪುರಾವೆ ಬೇಕು ಅಂದರು. ಮಾತು ಸುಳ್ಳಲ್ಲ. ನಮ್ಮ ದಾಖಲೆಯಲ್ಲಿ ಇದ್ದದ್ದು, ನಲವತ್ತೆರಡರಲ್ಲಿ ವ್ಯಾಪಾರಿಯೊಬ್ಬನಿಂದ ಕೊಂಡದ್ದು ಅಂತ ಒಂದೇ ಸಾಲು. ಹರಾಜಿನ ಪಟ್ಟಿಯಲ್ಲಿ ಪೆಲ್ಸ್ ಮನೆತನದ ಹೆಸರಿನ ಕೆಳಗೆ ಇದ್ದದ್ದು 'ಎಣ್ಣೆಬಣ್ಣದ ಚಿತ್ರ ಒಂದು, ಕೋಳಿ ಬಾತು ಇತ್ಯಾದಿ'. ಎರಡರ ನಡುವೆ ಸೇತುವೆ ಇಲ್ಲ. ಸೆಪ್ಟೆಂಬರ್ ಕೊನೆಯ ಶುಕ್ರವಾರದೊಳಗೆ ವೆರೇನಾ ವರದಿ ಕೊಡಬೇಕು, ಊರಿನ ಸಮಿತಿ ಅದರ ಮೇಲೆ ತೀರ್ಮಾನ ಮಾಡುತ್ತದೆ. ಪುರಾವೆ ಇಲ್ಲ ಅಂತ ಒಮ್ಮೆ ಬರೆದರೆ ಕಡತ ಮುಚ್ಚಿದ ಹಾಗೆಯೇ. ಎಂಬತ್ತೊಂಬತ್ತರ ಹೆಂಗಸಿಗೆ ಅದು ಮತ್ತೆ ತೆರೆಯುವವರೆಗೆ ಕಾಯಲು ಪುರಸೊತ್ತು ಎಲ್ಲಿ.

ಹುಡುಗಿ ಹೆಬ್ಬಾತುಗಳನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಬೇಸಿಗೆಯಿಡೀ ಅದರ ಬೆನ್ನಿನ ಮುಂದೆ ಮಂಡಿಯೂರಿದಳು. ಅಲ್ಲಿ ಇದ್ದದ್ದು ನಮ್ಮ ಮ್ಯೂಸಿಯಮ್ಮಿನ ಬಿಳಿ ಚೀಟಿ, ನನ್ನದೇ ಅಕ್ಷರ. ಅದರ ಪಕ್ಕದಲ್ಲಿ ಮರದ ಮೇಲೆ ಬೆರಳುದ್ದದ ಒಂದು ತಿಳಿ ಬಣ್ಣದ ಚೌಕ. ಏನೋ ಒಂದು ಚೀಟಿ ಅಲ್ಲಿ ಬಹಳ ಕಾಲ ಇದ್ದು ಹೋಗಿದೆ ಅಂದಳು. ಅಳತೆ ತೆಗೆದಳು. ಅಂಟು ಪರೀಕ್ಷೆ ಮಾಡಿಸಿದಳು, ಮೈದಾ ಹಿಟ್ಟಿನ ಅಂಟು ಅಂತ ಬಂತು. ಆ ಅಳತೆಯ ಚೀಟಿ ಯಾವ ವ್ಯಾಪಾರಿ ಬಳಸುತ್ತಿದ್ದ ಅಂತ ಮೂರು ವಾರ ಕಂಡಕಂಡ ಊರಿಗೆಲ್ಲ ಬರೆದಳು. ಯಾರದ್ದೂ ಹೊಂದಲಿಲ್ಲ.

"ಯಾವ ಬುದ್ಧಿಗೇಡಿ ಇದನ್ನ ಕೆರೆದು ತೆಗೆದಿದ್ದು, ಫ್ರಾವ್ ರೆಮ್ಮರ್ಸ್?" ಅಂತ ಒಂದು ದಿನ ಕೇಳಿದಳು.

"ಯುದ್ಧದ ಕಾಲದೋರು ಇರ್ಬೇಕು," ಅಂದೆ ನಾನು. "ಆಗಿನೋರಿಗೆ ಒಂದು ಕಾಗದ ಜೋಪಾನ ಮಾಡೋದು ಗೊತ್ತಿರ್ಲಿಲ್ಲ."

ಆಗ ನನಗೆ ನಿಜಕ್ಕೂ ಏನೂ ನೆನಪಿರಲಿಲ್ಲ. ಅವಳನ್ನು ರೇಗಿಸುವುದರಲ್ಲಿ ಮುಳುಗಿದ್ದೆ. ಬೆನ್ನು ಮಾತಾಡಿತಾ, ಇವತ್ತು ಗಂಟಲು ಕಟ್ಟಿದೆಯಾ ಅಂತ ದಿನಾ ಬೆಳಿಗ್ಗೆ ವಿಚಾರಿಸುತ್ತಿದ್ದೆ. ನಿಮ್ಮ ಮದುವೆಗೆ ಗಂಡು ಬಂದರೆ ಮುಖ ನೋಡ್ತೀರೋ ಬೆನ್ನು ನೋಡ್ತೀರೋ ಅಂತಲೂ ಕೇಳಿದೆ. ಅಂಗಿಯ ಕಾಲರಿನ ಒಳಗಿನ ಚೀಟಿ ನೋಡ್ತೀನಿ ಅಂದಳು.

ಕೊನೆಯ ವಾರದ ಸೋಮವಾರ ಹನ್ನೊಂದರ ಚಹಾಕ್ಕೆ ಅವಳು ಒಂದು ಲಕೋಟೆ ಹಿಡಿದುಕೊಂಡು ಬಂದಳು. ಆ ಚಿತ್ರದ ಬೆನ್ನು ಯಾವತ್ತಾದರೂ ನೋಡಿದ್ದು ನೆನಪಿದೆಯಾ ಅಂತ ಮಾಂಟೆವಿಡಿಯೋಗೆ ಬರೆದು ಕೇಳಿದ್ದಳಂತೆ, ಅದಕ್ಕೆ ಉತ್ತರ. ಇನ್ನೂ ಒಡೆದಿರಲಿಲ್ಲ. ನಮ್ಮೆಲ್ಲರ ಮುಂದೆಯೇ ಒಡೆದು ಓದಿದಳು.

"ಚಿತ್ರದ ಬೆನ್ನನ್ನ ಯಾರು ನೋಡ್ತಾರೆ ಮಗು. ಆದರೆ ನೀನು ಕೇಳಿದ ಮೇಲೆ ಒಂದು ನೆನಪಾಯ್ತು. ವಸಂತದಲ್ಲಿ ಮನೆ ತೊಳೆಯುವಾಗ ಯೆಟ್ಟೆ ಅಜ್ಜಿ ಇಡೀ ಮನೆಯನ್ನೇ ಅಂಗಳಕ್ಕೆ ತಂದು ಹಾಕೋಳು. ಯಾವ ಸಾಮಾನು ಎಲ್ಲಿಂದ ಬಂತೋ ಅಲ್ಲಿಗೇ ವಾಪಸು ಹೋಗಬೇಕು. ಅದಕ್ಕೇ ಒಂದೊಂದರ ಬೆನ್ನಿಗೂ ಜಾಮ್ ಬಾಟಲಿಗೆ ಹಚ್ಚುವ ನೀಲಿ ಅಂಚಿನ ಚೀಟಿ ಅಂಟಿಸಿ, ಜಾಗ ಬರೆದು, ಕೆಳಗೆ ತನ್ನ ಸಹಿ ಹಾಕೋಳು. ಹೆಬ್ಬಾತುಗಳಿಗೂ ಅಂಟಿಸಿರಬೇಕು. ಅವು ಇದ್ದದ್ದು ಊಟದ ಕೋಣೆಯಲ್ಲಿ, ಚಳಿ ಕಾಯುವ ಒಲೆಯ ಎಡಕ್ಕೆ. ನಾನು ಕೂರ್ತಿದ್ದದ್ದು ಬಲಕ್ಕೆ. ಆ ಕೊನೆಯದು ನನ್ನನ್ನೇ ತಿರುಗಿ ನೋಡ್ತಿತ್ತು."

ಜಾಮ್ ಚೀಟಿ ಅಂದ ಕೂಡಲೇ ಬಾಯಿಗೆ ಎತ್ತಿದ್ದ ಬಟ್ಟಲನ್ನು ಕೆಳಗಿಟ್ಟೆ.

ಎಂಬತ್ತನಾಲ್ಕರ ಬೇಸಿಗೆ. ನಾನು ಕೆಲಸಕ್ಕೆ ಸೇರಿ ಎರಡು ವರ್ಷ. ಚಿತ್ರಗಳ ಬೆನ್ನೆಲ್ಲ ಒರೆಸಿ ಹೊಸ ಚೀಟಿ ಹಚ್ಚು ಅಂದಿದ್ದರು ಆಗಿನ ನಿರ್ದೇಶಕರು. ಹಳೆಯದನ್ನು ತೆಗಿ ಅಂತ ಅವರು ಹೇಳಿರಲಿಲ್ಲ, ಅದು ನನ್ನ ಸ್ವಂತ ಉತ್ಸಾಹ. ಒಂದು ಬಕೆಟ್ ಬಿಸಿನೀರು, ಒಂದು ಅಡುಗೆಮನೆ ಚಾಕು. ನಾನೂರು ಬೆನ್ನು ತಿಕ್ಕಿದವಳಿಗೆ ಮುನ್ನೂರ ತೊಂಬತ್ತೊಂಬತ್ತು ಮರೆತುಹೋಗಿರಬಹುದು. ಆದರೆ ಎಣ್ಣೆಬಣ್ಣದ ಚಿತ್ರದ ಮೇಲೆ ಜಾಮ್ ಚೀಟಿ ಕಂಡು ನನಗೆ ಬಂದ ಸಿಟ್ಟು ಈಗ ಇದ್ದಕ್ಕಿದ್ದಂತೆ ಹಾಗೆಹಾಗೇ ನೆನಪಾಯಿತು.

ಚಮಚವನ್ನು ಬಟ್ಟಲೊಳಗೆ ನಿಲ್ಲಿಸಿದೆ. ಮೊದಲನೆಯ ಬಟ್ಟಲಿಗೇ. ಡಾಕ್ಟರ್ ಫೋಲ್ಕರ್ಟ್ಸ್ ನನ್ನ ಚಮಚ ನೋಡಿದರು, ಮುಖ ನೋಡಿದರು, ಡಾಕ್ಟರ ಹತ್ತಿರ ಕರ್ಕೊಂಡು ಹೋಗಲಾ ಅಂತ ಕೇಳಿದರು. ಹುಡುಗಿಗೂ ಆ ಆರು ತಿಂಗಳಲ್ಲಿ ಚಮಚದ ಭಾಷೆ ಬಂದಿತ್ತು, ಅವಳೂ ದಿಟ್ಟಿಸಿದಳು. ನಾನು ಸೈಕಲ್ ಹತ್ತಿ ಮನೆಗೆ ಹೋದೆ. ಮೂವತ್ತಾರು ವರ್ಷದಲ್ಲಿ ಕೆಲಸದ ಹೊತ್ತಿನಲ್ಲಿ ಕೇಳದೆ ಹೊರಗೆ ಕಾಲಿಟ್ಟಿದ್ದು ಅದೇ ಮೊದಲು.

ನನ್ನ ಮನೆಯ ಬೀರುವಿನಲ್ಲಿ ದಿನಚರಿಗಳಿವೆ, ವರ್ಷಕ್ಕೊಂದರಂತೆ. ದಿನಾ ಏನು ಕೆಲಸ ಮಾಡಿದೆ ಅಂತ ಬರೆದಿಡುವ ಅಭ್ಯಾಸ ನನ್ನದು. ಎಂಬತ್ತನಾಲ್ಕರದ್ದು ತೆಗೆದೆ. ಜೂನ್ ಹನ್ನೆರಡು. ನೀಟಾದ ಅಕ್ಷರ. 'ಸಂಖ್ಯೆ 318, ಏರಿಯ ಮೇಲಿನ ಹೆಬ್ಬಾತುಗಳು. ಹಿಂಬದಿಯಿಂದ ಜಾಮ್ ಚೀಟಿಯೊಂದನ್ನು ಕೆರೆದು ತೆಗೆದೆ. ಅದರಲ್ಲಿ ಬರೆದದ್ದು: ಊಟದ ಕೋಣೆ, ಒಲೆಯ ಎಡಕ್ಕೆ. ಯೆ. ಪೆಲ್ಸ್. ಕೆಲವರಿಗೆ ಶಿಸ್ತು ಅನ್ನುವುದೇ ಇಲ್ಲ.'

ಅಡುಗೆಮನೆಯ ಸ್ಟೂಲಿನ ಮೇಲೆ ಕೂತೆ. ಸುಳ್ಳು ಹೇಳಬೇಕಾದ ಅಗತ್ಯವೂ ನನಗಿರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಇನ್ನು ಎರಡು ವರ್ಷಕ್ಕೆ ನನ್ನ ನಿವೃತ್ತಿ. ಗುಂಡುಸೂಜಿ ಕಳೆಯದ ಹಿಲ್ಕೆ ರೆಮ್ಮರ್ಸ್ ಅಂತ ಹಾರ ಹಾಕಿಸಿಕೊಂಡು ಮನೆಗೆ ಬರಬಹುದಿತ್ತು. ಆದರೆ ಆ ಕೊನೆಯ ಸಾಲು ನನ್ನ ಕಣ್ಣಿಂದ ಸರಿಯಲೇ ಇಲ್ಲ. ಪ್ರತಿ ವಸ್ತುವೂ ತನ್ನ ಜಾಗಕ್ಕೆ ವಾಪಸು ಬರಲಿ ಅಂತ ಚೀಟಿ ಅಂಟಿಸಿದ ಹೆಂಗಸು. ಅವಳಿಗೆ ಶಿಸ್ತು ಇಲ್ಲ ಅಂತ ಬರೆದದ್ದು ನಾನು. ನನಗೆ ಬಹಳ ನಾಚಿಕೆಯಾಯಿತು.

ವಾಪಸು ಬಂದಾಗ ವೆರೇನಾ ಉಗ್ರಾಣದಲ್ಲಿ ಬೆನ್ನಿನ ಮುಂದೆಯೇ ಕೂತಿದ್ದಳು.

"ನಿಮ್ಮ ಬುದ್ಧಿಗೇಡಿ ಸಿಕ್ಕಿದ್ಲು," ಅಂದೆ.

"ಯಾರು?"

"ಎದುರುಗಾಳೀಲಿ ಸೈಕಲ್ ತುಳ್ಕೊಂಡು ಬಂದಿದಾಳೆ. ಮೊದ್ಲು ಅವಳಿಗೊಂದು ಕುರ್ಚಿ ಕೊಡಿ."

ದಿನಚರಿ ಕೊಟ್ಟೆ. ಅವಳು ಅದನ್ನು ತೆಗೆದುಕೊಂಡವಳೇ ಮೊದಲು ತಿರುಗಿಸಿ ಅದರ ಬೆನ್ನು ನೋಡಿದಳು. ಅಭ್ಯಾಸ ಎಲ್ಲಿ ಬಿಡುತ್ತದೆ. ಆಮೇಲೆ ನಾನು ತೋರಿಸಿದ ಪುಟ ಓದಿದಳು, ಇನ್ನೊಮ್ಮೆ ಓದಿದಳು. ಟಾರ್ಚು ಹಾಕಿ ಮೂರನೆಯ ಸಲ ಓದಿದಳು. ಬೈಯುತ್ತಾಳೆ ಅಂತ ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು.

"ಫ್ರಾವ್ ರೆಮ್ಮರ್ಸ್," ಅಂದಳು, ಕಣ್ಣು ಒದ್ದೆಯಾಗಿತ್ತು, "ನಿಮಗೆ ಸಿಟ್ಟು ಬಂದಿದ್ದು ಎಷ್ಟು ಒಳ್ಳೇದಾಯ್ತು. ಬರದೇ ಇದ್ದಿದ್ರೆ ಆ ಚೀಟೀಲಿ ಏನಿತ್ತು ಅಂತ ನೀವು ಬರೀತಾನೇ ಇರ್ಲಿಲ್ಲ."

ದಿನಚರಿ ಮುಚ್ಚಿ, ವರದಿಯಲ್ಲಿ ನಿಮ್ಮ ಹೆಸರು ಹಾಕಲೇಬೇಕಾಗುತ್ತೆ ಅಂದಳು, ತಪ್ಪು ತನ್ನದೇ ಅನ್ನುವ ಹಾಗೆ ನೆಲ ನೋಡುತ್ತ.

"ಹಾಕಿ," ಅಂದೆ. "ಬುದ್ಧಿಗೇಡಿ ಅನ್ನೋದನ್ನ ಮಾತ್ರ ಅಡಿಟಿಪ್ಪಣೀಲಿ ಹಾಕಿ."

ಶುಕ್ರವಾರ ವರದಿ ಹೋಯಿತು. ದಿನಚರಿಯ ಪುಟ, ಅಂಟಿನ ಪರೀಕ್ಷೆ, ತಿಳಿ ಚೌಕದ ಅಳತೆ, ಮಾಂಟೆವಿಡಿಯೋದ ಕಾಗದ, ನನ್ನ ಸಹಿ ಇರುವ ಹೇಳಿಕೆ ಎಲ್ಲ ಒಟ್ಟಿಗೆ. ಹಳೆಯ ಜಾಮ್ ಚೀಟಿಯೊಂದನ್ನು ಮೀನಂಗಡಿಯವಳ ಅಟ್ಟದಿಂದ ಹುಡುಕಿ ತಂದು ಚೌಕದ ಮೇಲಿಟ್ಟರೆ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಸಮಿತಿ ಚಿತ್ರ ವಾಪಸು ಕೊಡಬೇಕು ಅಂದಿತು. ಡಾಕ್ಟರ್ ಫೋಲ್ಕರ್ಟ್ಸ್ ಮೊದಲು ಕೈ ಎತ್ತಿದವರು, ಅದನ್ನು ಹೇಳಲೇಬೇಕು. ಮಗ್ಗುಗಳ ಮಾತು ಅವರು ಎತ್ತಲೇ ಇಲ್ಲ. ಆ ವಾರ ನಾನು ವೆರೇನಾಳನ್ನು ನೀವು ಅನ್ನುವುದು ಬಿಟ್ಟು ನೀನು ಅಂದೆ. ನಮ್ಮಲ್ಲಿ ಅದಕ್ಕೆ ಸಾಮಾನ್ಯವಾಗಿ ಹತ್ತು ವರ್ಷ ಬೇಕು.

ಅವಳು ಈಗ ದಕ್ಷಿಣದ ದೊಡ್ಡ ಮ್ಯೂಸಿಯಮ್ಮೊಂದರಲ್ಲಿದ್ದಾಳೆ. ಅಪ್ಪನ ಬೇಕರಿಯ ಗೋಡೆಗೆ ತೂಗುಹಾಕಿದ್ದ ಅಜ್ಜನ ಫೋಟೋವನ್ನೂ ತಿರುಗಿಸಿ ನೋಡಿ, ಅದರ ಬೆನ್ನಿನಲ್ಲಿ ಯಾರಿಗೂ ಗೊತ್ತಿಲ್ಲದ ಒಬ್ಬ ಹೆಂಗಸಿನ ಹೆಸರು ಹುಡುಕಿ, ಮನೆಯಲ್ಲಿ ಒಂದು ತಿಂಗಳು ಮಾತುಕತೆ ನಿಲ್ಲಿಸಿದ್ದಾಳೆ. ಆದರೆ ಮರುವರ್ಷ ಏಪ್ರಿಲಿನಲ್ಲಿ ಕಾರ್ಲಾ ಪೆಲ್ಸ್ ಬರುತ್ತಾರೆ ಅಂದಾಗ ಏಳು ಗಂಟೆಯ ಪ್ರಯಾಣ ಅಂತ ರೈಲು ಹತ್ತಿ ಬಂದಳು. ಒಂಬತ್ತು ಗಂಟೆ ಹಿಡಿಯಿತು, ನಮ್ಮ ರೈಲುಗಳ ವಿಷಯ ಗೊತ್ತಲ್ಲ.

ಕಾರ್ಲಾ ಕೈಯಲ್ಲಿ ಕೋಲು ಹಿಡಿದ ಸಣ್ಣಗಾತ್ರದ ಹೆಂಗಸು, ಜೊತೆಗೆ ಅಣ್ಣನ ಆ ಮೊಮ್ಮಗಳು. ನಿರ್ದೇಶಕರು ಭಾಷಣ ಶುರುಮಾಡುವ ಮೊದಲೇ, ಅದನ್ನ ತಿರುಗಿಸಿ, ಬೆನ್ನು ನೋಡಬೇಕು ಅಂದರು. ವೆರೇನಾ ನನ್ನ ಕಡೆ ಗೆದ್ದವಳ ಹಾಗೆ ನೋಡಿದಳು. ಚಿತ್ರ ತಿರುಗಿಸಿದೆವು. ಮುದುಕಿ ಆ ತಿಳಿ ಚೌಕದ ನಾಲ್ಕೂ ಅಂಚನ್ನು ಬೆರಳಿನಿಂದ ಸವರಿದರು.

"ಇಷ್ಟು ಚೊಕ್ಕಟವಾಗಿ ತಿಕ್ಕಿದ್ದು ಯಾರು?"

"ನಾನು," ಅಂದೆ.

ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಮ್ಮಜ್ಜಿಗೆ ನಿನ್ನಂಥ ಕೆಲಸದೋಳು ಸಿಕ್ಕಿದ್ರೆ, ಒಂದು ದಿನ ಬೈತಿದ್ಲು, ಆದ್ರೆ ಬಿಡ್ತಿರ್ಲಿಲ್ಲ," ಅಂದರು. "ಜಾಮ್ ಮಾಡ್ತೀಯಾ?"

ಮಾಡ್ತೀನಿ ಅಂದೆ. ನನ್ನ ಕೈಚೀಲದಲ್ಲಿ ನೀಲಿ ಅಂಚಿನ ಹೊಸ ಚೀಟಿಯೊಂದು ಇತ್ತು. ತಂದಿದ್ದೆ, ಕೊಡಲು ಧೈರ್ಯವಿರಲಿಲ್ಲ. ತೆಗೆದು ಮುಂದೆ ಹಿಡಿದೆ. ಅವರು ಪೆನ್ನು ಮುಟ್ಟಲಿಲ್ಲ.

"ಕಿತ್ತೋಳು ನೀನು, ನೀನೇ ಬರಿ. ನನ್ನ ಕೈ ನಡುಗ್ತದೆ."

ಊಟದ ಕೋಣೆ, ಅಂತ ಬರೆದೆ. ಒಲೆಯ ಅಂತ ಬರೆಯಹೊರಟಾಗ ಕೋಲಿನಿಂದ ನನ್ನ ಮೇಜು ತಟ್ಟಿದರು. ಮಾಂಟೆವಿಡಿಯೋದ ನಮ್ಮ ಮನೇಲಿ ಒಲೆ ಎಲ್ಲಿದೆ, ಆ ಜಾಗದಲ್ಲಿ ಫ್ರಿಜ್ ಇದೆ ಅಂದರು. ಮೊಮ್ಮಗಳು ನಕ್ಕಳು, ನಾವೂ ನಕ್ಕೆವು. ಫ್ರಿಜ್ಜಿನ ಎಡಕ್ಕೆ, ಅಂತ ಬರೆದೆ. ಕೆಳಗೆ ಸಹಿಯ ಜಾಗ ಖಾಲಿ ಬಿಟ್ಟು ಅವರ ಕಡೆ ನೋಡಿದೆ, ಕಾ. ಪೆಲ್ಸ್ ಅಂತ ಹಾಕಲಾ ಅಂತ ಕೇಳಿದೆ.

"ಬೇಡ," ಅಂದರು. "ಯೆ. ಪೆಲ್ಸ್ ಅಂತಲೇ ಹಾಕು. ಸಾಮಾನು ತಗೊಂಡು ಮುಂದಿನ ಹಡಗಿಗೆ ಬರ್ತೀನಿ ಅಂದಿದ್ಲಲ್ಲ."

ಹಾಗೇ ಹಾಕಿದೆ. ಆ ಚೌಕದ ಮೇಲೆಯೇ ಅಂಟಿಸಿದೆ. ಕಣ್ಣು ಮಂಜಾಗಿದ್ದರಿಂದ ಚೀಟಿ ಸ್ವಲ್ಪ ಸೊಟ್ಟಗೆ ಕೂತಿತು, ನಾನು ಅದನ್ನು ಸರಿಮಾಡಲು ಹೋಗಲಿಲ್ಲ.